ಚಿಕ್ಕ ಕುರ್ಚಿಗಳ ಕೋಣೆ

ಗ್ದಿನ್ಯಾದಲ್ಲಿ ಬಸ್ಸುಗಳ ನೆತ್ತಿಯ ಮೇಲೆ ಎರಡು ಕೋಲು,
ಕೋಲಿನ ಮೇಲೆ ತಂತಿ.
ತಂತಿ ತಪ್ಪಿದರೆ ಬಸ್ಸು ನಡುಬೀದಿಯಲ್ಲಿ ನಿಂತುಬಿಡುತ್ತದೆ.
ಇಪ್ಪತ್ತೆರಡು ವರ್ಷ ಅದನ್ನೇ ಓಡಿಸಿದೆ,
ಡಿಪೋದ ಯಂತ್ರಕ್ಕೆ ಊದಿದ ಆ ಬೆಳಗಿನವರೆಗೆ.

ಈಗ ಟಿಕೆಟ್ ಕೊಂಡು ಹತ್ತುತ್ತೇನೆ,
ಹಳೆಯ ಗೆಳೆಯರ ಕನ್ನಡಿಗೆ ಬೀಳದ ಸೀಟು ಹುಡುಕಿ.

ಡಾಕ್ಟರು ಕೊಟ್ಟ ಚೀಟಿಯಲ್ಲಿ ಒಂಬತ್ತು ವಿಳಾಸ.
"ಯಾವುದಕ್ಕಾದರೂ ಹೋಗಿ ಕೂತುಕೊಳ್ಳಿ" ಅಂದರು,
ಚಪ್ಪಲಿ ಅಂಗಡಿಗೆ ಕಳಿಸಿದಷ್ಟು ಸಲೀಸಾಗಿ,
ಕಾಲಿನ ಅಳತೆ ಕೇಳದೆ.

ಮೊದಲನೆಯದು ಚರ್ಚಿನ ನೆಲಮಾಳಿಗೆ.
ಮೆಟ್ಟಿಲಲ್ಲೇ ಎದುರಾದರು ಸ್ಟೆಫಾನಿಯಾ ಟೀಚರು,
ನನಗೆ ಭಾಗಾಕಾರ ಕಲಿಸಿದವರು.
ಇಬ್ಬರೂ ಒಟ್ಟಿಗೇ ಅಂದೆವು, "ವಿಳಾಸ ತಪ್ಪಿ ಬಂದೆ."
ಇಬ್ಬರೂ ಒಟ್ಟಿಗೇ ಮೇಲೆ ಹತ್ತಿ,
ಸಮುದ್ರದ ಗಾಳಿ ಎಷ್ಟು ಚಳಿ ಎಂದು ಮಾತಾಡಿ
ಬೇರೆ ಬೇರೆ ದಿಕ್ಕಿಗೆ ನಡೆದೆವು.
ಅವರ ಕೈಚೀಲದಲ್ಲಿ ಶೇಷ ಎಷ್ಟು ಉಳಿದಿತ್ತೋ,
ನಾನು ಕೇಳಲಿಲ್ಲ.

ಬಂದರಿನವರ ಗುಂಪಿನಲ್ಲಿ ಎಲ್ಲರೂ ಗಂಡಸರು.
ಅವರ ಕಥೆಗಳಲ್ಲಿ ಹೆಂಡತಿಯರು ಹೊಸಿಲಲ್ಲಿ ನಿಂತು ಅಳುತ್ತಾರೆ.
ನನ್ನ ಕಥೆಯಲ್ಲಿ ಹೊಸಿಲಲ್ಲಿದ್ದದ್ದು ಮಗಳು.
ಅವಳು ಅಳಲಿಲ್ಲ.
ಬೀಗ ಬದಲಾಯಿಸಿದಳು.

ಇನ್ನೊಂದು ವಿಳಾಸದಲ್ಲಿ ಕ್ಷೌರದಂಗಡಿ.
"ಇಲ್ಲಿ ಸೇರುತ್ತಿದ್ದವರು?" ಎಂದೆ.
"ಬಿಟ್ಟು ಹೋದರು," ಕತ್ತರಿ ನಿಲ್ಲಿಸದೆ ಅಂದಳು ಹುಡುಗಿ.
ಕುಡಿತವನ್ನೋ, ಕೋಣೆಯನ್ನೋ?
"ಬಾಡಿಗೆ ಜಾಸ್ತಿಯಾಯಿತು."

ಗುಡ್ಡದ ಮೇಲಿನ ಸಭೆಯಲ್ಲಿ ಒಬ್ಬ ಎಷ್ಟು ಚೆಂದ ಮಾತಾಡಿದನೆಂದರೆ
ಜನ ಚಪ್ಪಾಳೆ ತಟ್ಟಿದರು.
ಹಾಗೆ ಪಾಲಿಶ್ ಮಾಡಿದ ಪಶ್ಚಾತ್ತಾಪ ನನ್ನ ಹತ್ತಿರ ಇರಲಿಲ್ಲ.
ಹಿಂದಿರುಗುವಾಗ ರಾತ್ರಿಯಂಗಡಿಯ ಬೆಳಕಿನಲ್ಲಿ ನಿಂತೆ.
ಅಂಗೈಯಷ್ಟು ಬಾಟಲಿಗೆ ಇಲ್ಲಿ ಕೋತಿಮರಿ ಅನ್ನುತ್ತಾರೆ.
ತಾನು ಕೆಟ್ಟ ಕೋತಿ ವನವೆಲ್ಲ ಕೆಡಿಸಿತಂತೆ.
ನನ್ನ ವನ ಎರಡು ಕೋಣೆಯದು, ಒಂದು ಖಾಲಿ.
ನಿಂತೆ. ನಿಂತೇ ಇದ್ದೆ.
ಕೊನೆಯ ಬಸ್ಸು ಬಂತು, ಹತ್ತಿದೆ.
ಇದನ್ನು ಗೆಲುವು ಎನ್ನಲಾರೆ. ಬಸ್ಸು ಸಮಯಕ್ಕೆ ಬಂತು, ಅಷ್ಟೆ.

ಚೀಟಿಯ ಕೊನೆಗೆ, ಪೆನ್ಸಿಲಿನಲ್ಲಿ:
ಬುಧವಾರ, ಬೆಳಗಿನ ಐದೂಕಾಲು, ಶಿಶುವಿಹಾರದ ಊಟದ ಮನೆ.
ಪಾಳಿ ಕೆಲಸದವರಿಗಾಗಿ.

ಮೊಣಕಾಲೆತ್ತರದ ಕುರ್ಚಿಗಳು, ಬೆನ್ನಿಗೆ ಬಾತುಕೋಳಿ, ಮುಳ್ಳುಹಂದಿ.
ಏಳು ಜನ, ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದಾರೆ.
ಆ ಕುರ್ಚಿಯಲ್ಲಿ ಯಾರಿಗೂ ಘನತೆಯಿಂದ ಕೂರಲಾಗದು.
ರಾತ್ರಿಪಾಳಿ ಮುಗಿಸಿದ ನರ್ಸು ಒಬ್ಬಳು
ನಡುಮಾತಿನಲ್ಲೇ ನಿದ್ದೆ ಹೋದಳು.
ಯಾರೂ ಎಬ್ಬಿಸಲಿಲ್ಲ.
ಪಕ್ಕದವನು ಅವಳ ಕೈಯಿಂದ ಚಹದ ಲೋಟ ಬಿಡಿಸಿ
ಸದ್ದಾಗದಂತೆ ನೆಲಕ್ಕಿಟ್ಟ.
ನಾನು ಕೋಟು ಬಿಚ್ಚಿದ್ದು ಆಗ.

"ನಾನು ಬೊಝೆನಾ," ಅಂದೆ.
ಮುಂದಿನ ಶಬ್ದ ಬಿಸಿ ಆಲೂಗಡ್ಡೆ, ನುಂಗಲೂ ಉಗುಳಲೂ ಆಗದ್ದು.
"ನಾನು... ಬಸ್ಸು ಓಡಿಸುತ್ತಿದ್ದೆ."
ಹುಬ್ಬಿನಲ್ಲಿ ಹಿಟ್ಟು ಅಂಟಿದ್ದ ಬೇಕರಿಯ ಲುಬೊಮಿರ್ ಕೇಳಿದ:
"ನಮ್ಮ ತಿರುವಿನಲ್ಲಿ ಯಾವಾಗಲೂ ತಂತಿ ತಪ್ಪುತ್ತದಲ್ಲ, ಆಗ ಏನು ಮಾಡ್ತೀರಿ?"
"ಇಳಿದು, ಗವಸು ಹಾಕಿ, ಹಿಂದೆ ಹೋಗಿ ಹಗ್ಗ ಎಳೆದು
ಕೋಲನ್ನ ಮತ್ತೆ ತಂತಿಗೆ ಕೂರಿಸ್ತೀನಿ.
ಹಿಂದಿನ ಕಾರುಗಳು ಹಾರ್ನ್ ಹೊಡೀತಾನೇ ಇರ್ತಾವೆ."
"ಹೊಡೀಲಿ ಬಿಡಿ," ಅಂದ.

ಆ ಶಬ್ದ ಬಾಯಿಂದ ಬಿದ್ದದ್ದು ಮೂರನೆಯ ಬುಧವಾರ.
ನರ್ಸು ಎಚ್ಚರವಿದ್ದಳು, ತಲೆಯಾಡಿಸಿದಳು.

ಅವತ್ತು ಮನೆಗೆ ಹೋಗುವ ಮುನ್ನ ಎರಡು ಸ್ಟಾಪು ಮೊದಲೇ ಇಳಿದೆ.
ಸ್ಟೆಫಾನಿಯಾ ಟೀಚರ ಮನೆಯ ಅಂಚೆಪೆಟ್ಟಿಗೆಗೆ ತುಕ್ಕು.
ವಾರ, ಹೊತ್ತು, ಕೋಣೆ ಬರೆದ ಚೀಟಿ ಒಳಗೆ ತುರುಕಿದೆ.
"ಕುರ್ಚಿ ತುಂಬ ಚಿಕ್ಕದು, ಸೊಂಟ ಜೋಪಾನ" ಎಂದೂ ಸೇರಿಸಿದ್ದೆ.
ಹೆಸರು ಬರೆಯಲಿಲ್ಲ.
ಅಕ್ಷರ ಗುರುತು ಹಿಡಿಯುತ್ತಾರೆ.
ತಿದ್ದಿಸಿದವರು ಅವರೇ.